ಉದುರುವ ಕೂದಲಿಗೆ ಮದ್ದೋ, ನಾಟಿಯೋ?

ಕಳೆದ ವರ್ಷ ಅಡಿಕೆ ಕೊಯ್ಲಿಗೆ ಇನ್ನೇನು ಆಳು ಗೊತ್ತುಮಾಡಬೇಕು ಎನ್ನುವ ಹೊತ್ತಿನಲ್ಲಿ ನಮ್ಮ ಸಂಘದ ಕಚೇರಿಗೆ ಒಂದು ಮುಂಗಡದ ಅರ್ಜಿ ಬಂತು. ಅರ್ಜಿದಾರರು ಎರಡೂವರೆ ಎಕರೆ ಹಿಡುವಳಿಯ ಹಳೆಯ ಸದಸ್ಯರು. ಒಂದು ಎಕರೆ ಅಡಿಕೆ, ಉಳಿದದ್ದು ಕಾಫಿ, ಮರಗಳಿಗೆ ಹಬ್ಬಿಸಿದ ಒಂದಿಷ್ಟು ಮೆಣಸು. ಅಡಿಕೆಯ ಮೇಲೆ ಒಂದು ಲಕ್ಷ ರೂಪಾಯಿ ಕೇಳಿದ್ದರು. ಕಾರಣದ ಕಲಮಿನಲ್ಲಿ ‘ಕೊಟ್ಟಿಗೆ ದುರಸ್ತಿ’ ಎಂದಿತ್ತು. ಸಹಿ ತಂದೆಯದು, ಬರವಣಿಗೆ ಮಗನದು.

ನಮ್ಮ ಕಾರ್ಯದರ್ಶಿಯವರ ನೆನಪು ಗಟ್ಟಿ. “ಕೊಟ್ಟಿಗೆಗೆ ಹೋದ ವರ್ಷವಷ್ಟೇ ಶೀಟು ಹೊದೆಸಿದ್ರಲ್ಲ ಮಾರಾಯ್ರೇ?” ಎಂದು ಕೇಳಿದರು. ತಂದೆ ಮಗನ ಮುಖ ನೋಡಿದರು. ಮಗ ಸುಮ್ಮನೆ ತಲೆಯ ಮೇಲಿನ ಕ್ಯಾಪು ತೆಗೆದ. ಇಪ್ಪತ್ತನಾಲ್ಕರ ಹುಡುಗ. ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿದಿತ್ತು, ನೆತ್ತಿಯ ಮೇಲೆ ಚರ್ಮ ಕಾಣುತ್ತಿತ್ತು.

ಪೇಟೆಯ ಒಂದು ಕ್ಲಿನಿಕ್ಕಿನವರು ಇವನ ತಲೆ ನೋಡಿ 2,500 ಬುಡ ನಾಟಿ ಮಾಡಬೇಕು, 90 ಸಾವಿರ ಆಗುತ್ತದೆ, ತಿಂಗಳೊಳಗೆ ಮುಂಗಡ ಕಟ್ಟಿದರೆ ಹತ್ತು ಸಾವಿರ ಬಿಡುತ್ತೇವೆ ಎಂದಿದ್ದರಂತೆ. “ನೋಡಿದ ಡಾಕ್ಟರು ಯಾರು?” ಎಂದು ಕೇಳಿದೆವು. ಡಾಕ್ಟರು ಸಿಕ್ಕಿರಲಿಲ್ಲವಂತೆ. ಟೈ ಕಟ್ಟಿದ ಒಬ್ಬರು ಕನ್ನಡಿ ಹಿಡಿದು, ಪೆನ್ಸಿಲಿನಲ್ಲಿ ಗೆರೆ ಎಳೆದು, ಲೆಕ್ಕ ಹೇಳಿ ಕಳಿಸಿದ್ದರು.

“ನನ್ನ ತಲೆ ನೋಡು. ಮೂವತ್ತಕ್ಕೇ ಬೋಳಾಯ್ತು. ನಾನೇನು ಸಂಸಾರ ಮಾಡ್ಲಿಲ್ವಾ?” ಎಂದು ತಂದೆ ಸಿಡಿದರು.

“ನಿಮ್ಮ ಕಾಲ ಬೇರೆ ಅಪ್ಪಯ್ಯ. ಆಗ ತೋಟ ಇದೆ ಅಂದ್ರೆ ಹೆಣ್ಣು ಕೊಡ್ತಿದ್ರು. ಈಗ ತೋಟ ಅಂದ್ರೇ ಹಿಂದೆ ಸರೀತಾರೆ. ಅದರ ಮೇಲೆ ಈ ತಲೆ.” ಮೂರು ಕಡೆ ಜಾತಕ ಕೂಡಿ, ಫೋಟೊ ಹೋದ ಮೇಲೆ ಮಾತು ನಿಂತಿತ್ತಂತೆ.

ಕಚೇರಿಯಲ್ಲಿದ್ದ ಒಂದಿಬ್ಬರು ನಕ್ಕರು. ನಮಗೆ ನಗು ಬರಲಿಲ್ಲ. ಕೃಷಿಯಲ್ಲೇ ನಿಲ್ಲುತ್ತೇನೆ ಎಂದು ಊರಲ್ಲಿ ಉಳಿದ ಹುಡುಗರಿಗೆ ಹೆಣ್ಣು ಸಿಗದ ಕಷ್ಟ ಈ ಸೀಮೆಯಲ್ಲಿ ಯಾವ ಮನೆಗೆ ಗೊತ್ತಿಲ್ಲ? ಎಲೆಚುಕ್ಕಿ ರೋಗ ಬಿದ್ದ ತೋಟದ ಬೆಳೆಯ ಮೇಲೆ ಲಕ್ಷ ರೂಪಾಯಿ ಎತ್ತಿ ತಲೆಗೆ ಹಾಕುವಷ್ಟು ಆ ಹುಡುಗ ನೊಂದಿದ್ದಾನೆ ಎಂದರೆ ಅದನ್ನು ಹುಡುಗಾಟ ಎನ್ನಲಾಗದು. ಅರ್ಜಿಯನ್ನು ಒಂದು ತಿಂಗಳು ಬದಿಗಿಡಿ, ಮೊದಲು ಚರ್ಮದ ಡಾಕ್ಟರಿಗೆ ತೋರಿಸೋಣ ಎಂದೆವು. ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಅವರೊಡನೆ ನಾವೂ ಹೋದೆವು. ಅಲ್ಲಿ ಕೇಳಿದ್ದು, ಆಮೇಲೆ ನಾವೇ ವಿಚಾರಿಸಿ ತಿಳಿದದ್ದು ಈ ಲೇಖನದಲ್ಲಿದೆ. ತಂದೆ-ಮಗ ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಇದನ್ನು ಬರೆಯುವ ನಮ್ಮ ತಲೆಯ ಮೇಲೂ ಹೆಚ್ಚೇನು ಉಳಿದಿಲ್ಲವಾದ್ದರಿಂದ ವಿಷಯದಲ್ಲಿ ನಮಗೆ ಸ್ವಂತ ಆಸಕ್ತಿಯೂ ಇಲ್ಲದಿಲ್ಲ.

ಮೊದಲು ಬುಡ ನೋಡಬೇಕು

ಅಡಿಕೆ ಮರದ ಸೋಗೆ ಹಳದಿಯಾದರೆ ನಾವು ತಕ್ಷಣ ಗೊಬ್ಬರದ ಚೀಲ ಬಿಚ್ಚುವುದಿಲ್ಲ. ನೀರು ನಿಂತಿದೆಯೋ, ಬೇರು ಕೊಳೆತಿದೆಯೋ, ಹುಳವೋ ಎಂದು ಬುಡ ಕೆದಕಿ ನೋಡುತ್ತೇವೆ. ತಲೆಗೂ ಅದೇ ಕ್ರಮ. ಕೂದಲು ಉದುರುವುದೆಲ್ಲ ಒಂದೇ ಕಾಯಿಲೆಯಲ್ಲ.

ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಒಂದೊಂದು ಕೂದಲೂ ಕೆಲವು ವರ್ಷ ಬೆಳೆದು, ಎರಡು ಮೂರು ತಿಂಗಳು ವಿರಮಿಸಿ, ಬಿದ್ದುಹೋಗಿ, ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಬೀಳುವುದು ಸಹಜ. ಜೋರು ಜ್ವರ ಬಂದಾಗ, ಹೆರಿಗೆಯಾದಾಗ, ದೊಡ್ಡ ಆಪರೇಷನ್ ಆದಾಗ ಹೆಚ್ಚಿನ ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗಿಬಿಡುತ್ತದೆ. ಎರಡು ಮೂರು ತಿಂಗಳ ಮೇಲೆ ಬಾಚಣಿಗೆಯ ತುಂಬ ಬರತೊಡಗುತ್ತದೆ. ಡೆಂಗಿ, ಟೈಫಾಯಿಡ್, ಕೋವಿಡ್ ಆದ ಮೇಲೆ ಹೀಗಾದ ಎಷ್ಟೋ ಮಂದಿ ನಮ್ಮಲ್ಲಿದ್ದಾರೆ. ಜ್ವರ ಬಿಟ್ಟು ಮೂರು ತಿಂಗಳಾದ್ದರಿಂದ ಜ್ವರಕ್ಕೂ ಇದಕ್ಕೂ ನಂಟು ಹೊಳೆಯುವುದಿಲ್ಲ. ನೀರಿನ ಮೇಲೋ ಸೋಪಿನ ಮೇಲೋ ತಪ್ಪು ಹೊರಿಸುತ್ತೇವೆ. ಇದು ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನೇ ಸರಿಹೋಗುವಂಥದ್ದು. ಇಂಥವರಿಗೆ ನಾಟಿ ಮಾಡುವುದೆಂದರೆ ಬೇಸಿಗೆಯಲ್ಲಿ ಎಲೆ ಉದುರಿಸಿದ ಮರವನ್ನು ಸತ್ತಿತೆಂದು ಕಡಿದಂತೆ.

ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಯಿಂದಲೂ ಕೂದಲು ತೆಳುವಾಗುತ್ತದೆ. ಹೆಂಗಸರಲ್ಲಿ ಇದು ಹೆಚ್ಚು, ಆದ್ದರಿಂದ ಅವರಿಗೆ ಮೊದಲು ರಕ್ತಪರೀಕ್ಷೆ ಆಗಬೇಕು. ಬಿಗಿಯಾಗಿ ಎಳೆದು ಜಡೆ, ತುರುಬು ಕಟ್ಟುವವರಿಗೆ ಹಣೆಯಂಚಿನ ಕೂದಲು ಹೋಗುತ್ತದೆ. ಅದಕ್ಕೆ ಮೊದಲ ಮದ್ದು ಸಡಿಲ ಜಡೆ. ನಾಣ್ಯದಷ್ಟು ಗುಂಡಗೆ ನುಣುಪಾಗಿ ಉದುರಿದರೆ ನಮ್ಮ ಕಡೆ ‘ಹುಳ ತಿಂದಿದೆ’ ಎನ್ನುತ್ತಾರೆ. ಅಲ್ಲಿ ಯಾವ ಹುಳವೂ ಇಲ್ಲ. ದೇಹದ ರಕ್ಷಣಾ ಪಡೆಯೇ ದಾರಿತಪ್ಪಿ ಕೂದಲ ಬುಡದ ಮೇಲೆ ಬೀಳುವುದರಿಂದ ಹಾಗಾಗುತ್ತದೆ. ಅದಕ್ಕೆಂದು ಗುಲಗಂಜಿ ಅರೆದು ಹಚ್ಚುವ ರೂಢಿ ಕೆಲವು ಮನೆಗಳಲ್ಲಿದೆ. ಗುಲಗಂಜಿ ಕಡುವಿಷ, ಮಕ್ಕಳಿರುವ ಮನೆಯಲ್ಲಿ ಅರೆಯುವ ಕಲ್ಲಿಗೇ ಅದನ್ನು ತಾಗಿಸಬಾರದು. ಮಕ್ಕಳ ತಲೆಯಲ್ಲಿ ಹೊಟ್ಟು, ತುರಿಕೆ, ತುಂಡಾದ ಕೂದಲು ಕಂಡರೆ ಅದು ಹೆಚ್ಚಾಗಿ ಹುಳುಕಡ್ಡಿ, ಅಂದರೆ ಬೂಷ್ಟಿನ ರೋಗ. ಮಾತ್ರೆಗೆ ಬಗ್ಗುತ್ತದೆ.

ಇವೆಲ್ಲ ಅಲ್ಲದೆ ಉಳಿದದ್ದು ಗಂಡಸರ ವಂಶದ ಬೋಳು. ನಮ್ಮ ಹುಡುಗನದು ಇದೇ. ಡಾಕ್ಟರಮ್ಮ ನಾಲ್ಕಾರು ಕಡೆ ಕೂದಲು ಹಿಡಿದು ಮೆಲ್ಲಗೆ ಎಳೆದು ನೋಡಿದರು, ದೀಪವಿರುವ ಮಸೂರ ಇಟ್ಟು ನೋಡಿದರು. ಕಿವಿಯ ಮೇಲಿನ ಕೂದಲು ದಪ್ಪ, ನೆತ್ತಿಯದು ಒಂದು ದಪ್ಪ ಒಂದು ಎಳೆ. “ಬುಡ ಸತ್ತಿಲ್ಲ, ಸಣ್ಣಗಾಗ್ತಾ ಇದೆ” ಎಂದರು.

ಹೀಗೇಕೆ ಎಂಬುದಕ್ಕೆ ಒಂದು ಹಳೆಯ ಸಂಶೋಧನೆ ಇದೆ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಂಗರಚನಾ ವಿಜ್ಞಾನಿ 1942ರಲ್ಲಿ ಪ್ರಕಟಿಸಿದ್ದು. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರಿಗೆ ಬೋಳು ಬರುವುದಿಲ್ಲ ಎಂದು ಅವರು ಕಂಡರು. ಅಂಥವರಿಗೆ ಗಂಡಸಿನ ಹಾರ್ಮೋನು ಕೊಟ್ಟಾಗ, ಬೋಳು ತಲೆಯ ವಂಶದವರಿಗೆ ಮಾತ್ರ ಕೂದಲು ಉದುರತೊಡಗಿತು. ಅಂದರೆ ಎರಡೂ ಸೇರಬೇಕು: ವಂಶದ ಬೀಜ, ಹಾರ್ಮೋನಿನ ನೀರು. ಹಾರ್ಮೋನು ದೇಹದಲ್ಲಿ ಡಿಎಚ್‌ಟಿ ಎಂಬ ಇನ್ನೊಂದು ರೂಪ ತಳೆದು ನೆತ್ತಿಯ ಬುಡಗಳನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತದೆ. ಹಿಂದಲೆಯ ಮತ್ತು ಕಿವಿಯ ಮೇಲಿನ ಬುಡಗಳು ಇದಕ್ಕೆ ಜಗ್ಗುವುದಿಲ್ಲ. ಆದ್ದರಿಂದಲೇ ಎಂಥ ಬೋಳಿಗೂ ಹಿಂದೆ ಒಂದು ಅಂಚು ಉಳಿದಿರುತ್ತದೆ. ಬೋರ್ಡೋ ದ್ರಾವಣ ತಲೆಗೆ ಬಿದ್ದು ಕೂದಲು ಹೋಯಿತು, ಹೆಲ್ಮೆಟ್ಟಿನಿಂದ ಹೋಯಿತು, ಬೋರಿನ ನೀರಿನಿಂದ ಹೋಯಿತು ಎನ್ನುವುದೆಲ್ಲ ಈ ಬಗೆಯ ಬೋಳಿನ ಮಟ್ಟಿಗೆ ಸುಳ್ಳು. ಮೈಲುತುತ್ತ ತಲೆಗೆ ಬೀಳುವುದು ಒಳ್ಳೆಯದೇನಲ್ಲ, ಕಣ್ಣು ಚರ್ಮ ಉರಿಯುತ್ತದೆ. ಆದರೆ ಬೋಳಿಗೆ ಅದು ಕಾರಣವಲ್ಲ.

ಮದ್ದು ಏನು ಮಾಡುತ್ತದೆ

ಸಾಕಷ್ಟು ಪರೀಕ್ಷೆಗೆ ನಿಂತ ಮದ್ದುಗಳಲ್ಲಿ ಮುಖ್ಯವಾದವು ಎರಡೇ.

ಒಂದು ಮಿನಾಕ್ಸಿಡಿಲ್. ಮೊದಲು ರಕ್ತದೊತ್ತಡದ ಮಾತ್ರೆಯಾಗಿ ಬಂದದ್ದು. ತಿಂದವರ ಮೈಮೇಲೆಲ್ಲ ಕೂದಲು ಬೆಳೆಯತೊಡಗಿದಾಗ ಅದನ್ನೇ ತಲೆಗೆ ಹಚ್ಚುವ ದ್ರಾವಣ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಗಂಡಸರಿಗೆ ಸಾಮಾನ್ಯವಾಗಿ ನೂರಕ್ಕೆ 5ರ ದ್ರಾವಣ, ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಒಂದು ಮಿಲಿಲೀಟರು, ಕೂದಲಿಗಲ್ಲ, ಚರ್ಮಕ್ಕೆ. ಹೆಂಗಸರಿಗೂ ಆಗುತ್ತದೆ, ಬಸುರಿ-ಬಾಣಂತಿಯರಿಗೆ ಬೇಡ. ಮೊದಲ ಒಂದೆರಡು ತಿಂಗಳು ಉದುರುವುದು ಹೆಚ್ಚಾಗುತ್ತದೆ; ಹಳೆಯ ಕೂದಲನ್ನು ತಳ್ಳಿ ಹೊಸದು ಬರುವ ಲಕ್ಷಣ ಅದು. ಇದನ್ನು ಯಾರೂ ಮೊದಲೇ ಹೇಳದ ಕಾರಣ ಎಷ್ಟೋ ಮಂದಿ ಗಾಬರಿಯಾಗಿ ಸೀಸೆ ಎಸೆಯುತ್ತಾರೆ. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಇನ್ನೊಂದು ಮಾತು: ಈ ದ್ರಾವಣ ಬೆಕ್ಕಿಗೆ ವಿಷ. ಸ್ವಲ್ಪ ನೆಕ್ಕಿದರೂ ಸಾಯಬಹುದು. ನಮ್ಮ ಮನೆಗಳಲ್ಲಿ ಬೆಕ್ಕು ಹಾಸಿಗೆಯ ಮೇಲೇ ಮಲಗುವುದರಿಂದ ಹೇಳಬೇಕಾಯಿತು.

ಎರಡನೆಯದು ಫಿನಾಸ್ಟೆರೈಡ್ ಮಾತ್ರೆ, ದಿನಕ್ಕೆ 1 ಮಿಲಿಗ್ರಾಂ. ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯಲ್ಲಿ ಹುಟ್ಟಿನಿಂದಲೇ ಡಿಎಚ್‌ಟಿ ಸರಿಯಾಗಿ ತಯಾರಾಗದ ಗಂಡಸರಿದ್ದರು. ಅವರ ಬಗ್ಗೆ 1974ರಲ್ಲಿ ಬಂದ ವರದಿಯೇ ಈ ಮಾತ್ರೆಗೆ ದಾರಿ ತೋರಿಸಿತು. ಅವರಿಗೆ ಬೋಳು ಬರುತ್ತಿರಲಿಲ್ಲ, ಪ್ರಾಸ್ಟೇಟ್ ಗ್ರಂಥಿಯೂ ದೊಡ್ಡದಾಗುತ್ತಿರಲಿಲ್ಲ. 1992ರಲ್ಲಿ ಪ್ರಾಸ್ಟೇಟಿಗೆ, 1997ರಲ್ಲಿ ಕೂದಲಿಗೆ ಅಮೆರಿಕದಲ್ಲಿ ಒಪ್ಪಿಗೆಯಾಯಿತು. ಎರಡು ವರ್ಷದ ಪರೀಕ್ಷೆಯಲ್ಲಿ ಮಾತ್ರೆ ತಿಂದವರಲ್ಲಿ ನೂರಕ್ಕೆ 83 ಮಂದಿಗೆ ಇದ್ದ ಕೂದಲು ಉಳಿಯಿತು; ಮದ್ದಿಲ್ಲದ ಹುಸಿಮಾತ್ರೆ ತಿಂದವರಲ್ಲಿ 28 ಮಂದಿಗೆ ಮಾತ್ರ.

ಆದರೆ ಇದು ಅಂಗಡಿಯಿಂದ ತಂದು ನುಂಗುವ ಮಾತ್ರೆಯಲ್ಲ. ನೂರರಲ್ಲಿ ಒಬ್ಬಿಬ್ಬರಿಗೆ ಕಾಮಾಸಕ್ತಿ, ನಿಮಿರುವಿಕೆ ಕಡಿಮೆಯಾಗುತ್ತದೆ. ಹೆಚ್ಚಿನವರಿಗೆ ಬಿಟ್ಟ ಮೇಲೆ ಸರಿಹೋಗುತ್ತದೆ, ಬಿಟ್ಟ ಮೇಲೂ ಉಳಿಯಿತೆಂದು ಹೇಳಿದವರೂ ಇದ್ದಾರೆ. ಮನಸ್ಸು ಕುಗ್ಗುವುದುಂಟು. ಸಾಯುವ ಯೋಚನೆ ಬರುವುದು ಇದರ ಅಡ್ಡಪರಿಣಾಮವೇ ಎಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಖಚಿತಪಡಿಸಿ ಎಚ್ಚರಿಕೆ ಕೊಟ್ಟಿದೆ. ಮೊದಲೇ ಖಿನ್ನತೆ ಇದ್ದವರು ಅದನ್ನು ಡಾಕ್ಟರಿಗೆ ಮುಚ್ಚಿಡಬಾರದು. ಮಗುವಿಗಾಗಿ ಕಾಯುತ್ತಿರುವವರೂ ತಿಳಿಸಬೇಕು. ಬಸುರಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂ ಬಾರದು. ಐವತ್ತು ದಾಟಿದವರು ಪ್ರಾಸ್ಟೇಟಿನ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವಾಗ ಈ ಮಾತ್ರೆಯ ವಿಷಯ ಹೇಳಲೇಬೇಕು. ಇದು ಆ ಅಂಕಿಯನ್ನು ಅರ್ಧದಷ್ಟು ಇಳಿಸಿಬಿಡುತ್ತದೆ.

ಈ ಎರಡೂ ಮದ್ದುಗಳ ಸ್ವಭಾವ ನಮ್ಮವರಿಗೆ ಅರ್ಥವಾಗಲು ಕೊಳೆರೋಗವೇ ಸಾಕು. ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆದರೆ ಗೊನೆ ಉಳಿಯುತ್ತದೆ. ನೆಲಕ್ಕೆ ಬಿದ್ದ ಕಾಯಿ ಎಷ್ಟು ಹೊಡೆದರೂ ಮೇಲೇರುವುದಿಲ್ಲ. ಕುಗ್ಗುತ್ತಿರುವ ಬುಡವನ್ನು ಮದ್ದು ಹಿಡಿದು ನಿಲ್ಲಿಸುತ್ತದೆ, ಕೆಲವನ್ನು ದಪ್ಪ ಮಾಡುತ್ತದೆ. ಹತ್ತಾರು ವರ್ಷದಿಂದ ನುಣ್ಣಗಾದ ನೆತ್ತಿಯ ಮೇಲೆ ಅದು ಏನೂ ಮಾಡದು. ಖರ್ಚು ತಿಂಗಳಿಗೆ ಕೆಲವು ನೂರು ರೂಪಾಯಿ, ಆದರೆ ಪ್ರತಿ ತಿಂಗಳೂ, ವರ್ಷಗಟ್ಟಲೆ.

ಉಳಿದವುಗಳ ಬಗ್ಗೆ ಹೆಚ್ಚು ಬರೆಯುವಂತಿಲ್ಲ. ನಮ್ಮದೇ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ ತಲೆಗೆ ಚುಚ್ಚುವ ಪಿಆರ್‌ಪಿ ಕೆಲವರಿಗೆ ಗುಣ ಕೊಟ್ಟಿದೆ. ಮಾಡುವ ವಿಧಾನ ಒಬ್ಬೊಬ್ಬರದು ಒಂದೊಂದು, ಸರದಿಯೊಂದಕ್ಕೆ ಸಾವಿರಗಟ್ಟಲೆ. ಗರುಗದ ಎಣ್ಣೆ, ದಾಸವಾಳದ ಗೊಂಪು, ಸೀಗೆ ಇವು ಕೂದಲನ್ನು ನಯವಾಗಿಡುತ್ತವೆ, ನಾವೂ ಬಿಟ್ಟಿಲ್ಲ. ಡಿಎಚ್‌ಟಿಯನ್ನು ತಡೆದು ಬೋಳನ್ನು ನಿಲ್ಲಿಸುತ್ತವೆಂದು ನಂಬಿ ಕೂರುವುದು ಬೇಡ. ಬೋಳು ವಾಸಿ ಮಾಡುತ್ತೇವೆಂದು ಹೇಳಿಕೊಂಡು ಔಷಧ ಮಾರುವುದಕ್ಕೆ ನಮ್ಮ ದೇಶದ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲೇ ನಿಷೇಧವಿದೆ. ಆದರೂ ಜಾಹೀರಾತಿಗೆ ಬರವಿಲ್ಲ. ಕಾಫಿಯ ಕೆಫೀನು ಹಾಕಿದ ಶಾಂಪೂ ಕೂದಲು ಉಳಿಸುತ್ತದೆ ಎಂದು ಕೇಳಿದಾಗ ನಮ್ಮ ಬೆಳೆಗೆ ಇನ್ನೊಂದು ಗಿರಾಕಿ ಆಯಿತೆಂದು ಹಿಗ್ಗಿದ್ದೆವು. ಅಂಥ ಒಂದು ಶಾಂಪೂವಿನ ಮಾತಿಗೆ ಸಾಕಷ್ಟು ಆಧಾರವಿಲ್ಲ ಎಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2018ರಲ್ಲಿ ತೀರ್ಪು ಕೊಟ್ಟಿದೆಯೆಂದು ಆಮೇಲೆ ತಿಳಿಯಿತು.

ನಾಟಿಯ ಲೆಕ್ಕ

ಕೂದಲು ನಾಟಿ ಹೊಸ ಕೂದಲು ಹುಟ್ಟಿಸುವುದಿಲ್ಲ. ಈ ಮಾತನ್ನು ಸದಸ್ಯರು ಎರಡು ಸಲ ಓದಬೇಕು. ಹಿಂದಲೆಯಲ್ಲಿರುವ ಗಟ್ಟಿ ಬುಡವನ್ನು ಕಿತ್ತು ಮುಂದಲೆಗೆ ನೆಡುವುದಷ್ಟೇ ಅದು. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಎಂಬ ಚರ್ಮವೈದ್ಯರು 1952ರಲ್ಲಿ ಇದನ್ನು ಮಾಡಿ, 1959ರಲ್ಲಿ ಬರೆದು ಪ್ರಕಟಿಸಿದರು. ಎಲ್ಲಿಗೆ ನೆಟ್ಟರೂ ಬುಡ ತನ್ನ ಮೂಲದ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂಬುದು ಅವರು ತೋರಿಸಿದ ಸಂಗತಿ. ಜಪಾನಿನ ಒಕುಡ ಎಂಬ ವೈದ್ಯರು 1939ರಲ್ಲೇ ಸುಟ್ಟ ತಲೆ, ಹುಬ್ಬುಗಳಿಗೆ ಕೂದಲು ನೆಟ್ಟು ಬರೆದಿದ್ದರು. ಯುದ್ಧದ ಗದ್ದಲದಲ್ಲಿ ಹೊರಗಿನವರಿಗೆ ತಿಳಿಯಲಿಲ್ಲ.

ಹಿಂದೆ ದೊಡ್ಡ ದೊಡ್ಡ ಬಿಲ್ಲೆ ತೆಗೆದು ನೆಡುತ್ತಿದ್ದರು, ತಲೆ ಗೊಂಬೆಯ ತಲೆಯಂತೆ ಕಾಣುತ್ತಿತ್ತು. ಈಗ ಒಂದರಿಂದ ನಾಲ್ಕು ಕೂದಲಿರುವ ಸಹಜ ಗುಂಪುಗಳನ್ನೇ ಬಿಡಿಸಿ ನೆಡುತ್ತಾರೆ. ಇದಕ್ಕೇ ಗ್ರಾಫ್ಟ್ ಎನ್ನುವುದು. ಎರಡು ವಿಧಾನ. ಒಂದರಲ್ಲಿ ಹಿಂದಲೆಯಿಂದ ಚರ್ಮದ ಉದ್ದ ಪಟ್ಟಿ ತೆಗೆದು, ಹೊಲಿದು, ಪಟ್ಟಿಯಿಂದ ಬುಡ ಬಿಡಿಸುತ್ತಾರೆ. ಗೆರೆಯಂಥ ಕಲೆ ಉಳಿಯುತ್ತದೆ. ಇನ್ನೊಂದರಲ್ಲಿ ಒಂದು ಮಿಲಿಮೀಟರಿಗೂ ಚಿಕ್ಕದಾದ ಕೊಳವೆಯಿಂದ ಒಂದೊಂದೇ ಬುಡ ಕೀಳುತ್ತಾರೆ. ಚುಕ್ಕೆ ಚುಕ್ಕೆ ಕಲೆ, ಕ್ರಾಪು ತೀರ ಸಣ್ಣದಾಗಿ ಕತ್ತರಿಸದಿದ್ದರೆ ಕಾಣದು. ಇಡೀ ದಿನದ ಕೆಲಸ. ಕಿತ್ತ ಬುಡ ಹೊರಗೆ ಉಳಿದಷ್ಟೂ ಸಾಯುವುದು ಹೆಚ್ಚು. ಬೇರಿನ ಮಣ್ಣು ಉದುರಿದ ಕಾಫಿ ಸಸಿಯನ್ನು ಮಧ್ಯಾಹ್ನದವರೆಗೆ ಗುಂಡಿಯ ಬಳಿ ಬಿಟ್ಟರೆ ಏನಾಗುತ್ತದೆಂದು ನಮಗೆ ಗೊತ್ತು. ನೆಟ್ಟ ಕೂದಲು ಎರಡು ಮೂರು ವಾರದಲ್ಲಿ ಉದುರುತ್ತದೆ, ಬುಡ ಉಳಿಯುತ್ತದೆ. ಮೂರು ನಾಲ್ಕು ತಿಂಗಳಿಗೆ ಚಿಗುರು, ಪೂರ್ತಿ ಫಲ ಕಾಣಲು ಒಂದು ವರ್ಷ.

ಲೆಕ್ಕದ ಮುಖ್ಯ ಭಾಗ ಇಲ್ಲಿದೆ. ಹಿಂದಲೆ ಒಂದು ಸಸಿಮಡಿ. ಆ ಮಡಿಗೆ ಮತ್ತೆ ಬೀಜ ಹಾಕುವಂತಿಲ್ಲ. ಹೆಚ್ಚಿನವರಿಗೆ ಜೀವಮಾನಕ್ಕೆ ಐದಾರು ಸಾವಿರ ಗ್ರಾಫ್ಟ್ ಸಿಕ್ಕಿದರೆ ಅದೇ ಹೆಚ್ಚು. ಇಪ್ಪತ್ತನಾಲ್ಕಕ್ಕೆ ಅದರಲ್ಲಿ 2,500 ತೆಗೆದು ಹಣೆಯಂಚಿಗೆ ನೆಟ್ಟರೆ, ಮುಂದಿನ ಇಪ್ಪತ್ತು ವರ್ಷ ನೆತ್ತಿ ಎಷ್ಟು ಖಾಲಿಯಾಗುತ್ತದೋ ಅದಕ್ಕೆ ಉಳಿದದ್ದರಲ್ಲೇ ತುಂಬಬೇಕು. ನೆಟ್ಟದ್ದು ನಿಲ್ಲುತ್ತದೆ, ಅದರ ಹಿಂದಿನ ಮೂಲದ ಕೂದಲು ಹಳೆಯ ದಾರಿಯಲ್ಲೇ ಉದುರುತ್ತ ಹೋಗುತ್ತದೆ. ಆದ್ದರಿಂದ ನಾಟಿ ಮಾಡಿಸಿದರೂ ಮದ್ದು ತಪ್ಪುವುದಿಲ್ಲ. ‘ಒಂದೇ ಸಲ ಖರ್ಚು, ಆಮೇಲೆ ನಿಶ್ಚಿಂತೆ’ ಎನ್ನುವುದು ಕ್ಲಿನಿಕ್ಕಿನ ಮಾತು, ತಲೆಯ ಮಾತಲ್ಲ.

ನಮ್ಮ ಬಳಗದವರೇ ಒಬ್ಬರು ಇಪ್ಪತ್ತಮೂರಕ್ಕೆ ದೂರದ ಊರಿನಲ್ಲಿ ಹೀಗೆ ಮಾಡಿಸಿಕೊಂಡಿದ್ದರು. ಹಣೆಯ ಮೇಲೆ ಹುಡುಗುತನದ ಗೆರೆಯೇ ಬೇಕೆಂದು ಕೇಳಿದರು, ಅವರೂ ಎಳೆದುಕೊಟ್ಟರು. ಮದ್ದಿನ ಮಾತು ಯಾರೂ ಎತ್ತಲಿಲ್ಲ. ಈಗ ಅವರಿಗೆ ಮೂವತ್ತೈದು. ಮುಂದೆ ಒತ್ತಾದ ಬೇಲಿ, ಅದರ ಹಿಂದೆ ಬಯಲು, ಬಯಲಿನಾಚೆ ಹಿಂದಲೆಯಲ್ಲಿ ಇಲಿ ಕಡಿದಂಥ ಚುಕ್ಕೆಗಳು. ಬೋಳಿಸಿ ಸುಮ್ಮನಿರೋಣವೆಂದರೆ ಕಲೆ ಕಾಣುತ್ತದೆ. ಮೊದಲಿನ ಬೋಳೇ ವಾಸಿಯಿತ್ತು ಎನ್ನುತ್ತಾರೆ. ನಮ್ಮ ಹುಡುಗನಿಗೆ ಅವರ ಮನೆಗೇ ಕರೆದುಕೊಂಡು ಹೋಗಿ ತೋರಿಸಿದೆವು. ಅವರು ಬೇಸರಿಸದೆ ತಲೆ ಬಗ್ಗಿಸಿ ತೋರಿಸಿದ್ದು ದೊಡ್ಡ ಮಾತು.

ಹಾಗೆಂದು ನಾಟಿಯೇ ಮೋಸ ಎನ್ನುವವರಲ್ಲ ನಾವು. ನಮ್ಮ ಸದಸ್ಯರೊಬ್ಬರು ನಲವತ್ತೆಂಟಕ್ಕೆ ಮಾಡಿಸಿದರು. ಉದುರುವುದು ನಿಂತು ಎಷ್ಟೋ ವರ್ಷವಾಗಿತ್ತು, ಹಿಂದಲೆ ದಟ್ಟವಾಗಿತ್ತು, ವಯಸ್ಸಿಗೆ ತಕ್ಕ ಗೆರೆ ಸಾಕೆಂದರು, ದುಡ್ಡು ಕೈಯಲ್ಲಿತ್ತು. ಚೆನ್ನಾಗಿ ಬಂದಿದೆ, ಗೊತ್ತಿಲ್ಲದವರಿಗೆ ತಿಳಿಯುವುದಿಲ್ಲ. ಸುಟ್ಟ ಗಾಯದ ಕಲೆಯಲ್ಲಿ ಕೂದಲು ಬಾರದವರಿಗಂತೂ ಇದು ದೊಡ್ಡ ಉಪಕಾರ.

ಯಾರ ಕೈಯಲ್ಲಿ ಎನ್ನುವುದು ಪ್ರಾಣದ ಪ್ರಶ್ನೆ. ಮರಗಟ್ಟಿಸುವ ಚುಚ್ಚುಮದ್ದು ಇಡೀ ತಲೆಗೆ ಬೇಕು; ಮೈತೂಕಕ್ಕೆ ಮಿತಿ ಇದೆ, ಮೀರಿದರೆ ಹೃದಯ ನಿಲ್ಲಬಹುದು. 2016ರಲ್ಲಿ ಚೆನ್ನೈಯಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ನಾಟಿಗೆ ಹೋಗಿ ಸತ್ತ. ಕಾನ್ಪುರದಲ್ಲಿ ನಾಟಿ ಮಾಡಿಸಿಕೊಂಡ ಇಬ್ಬರು ಇಂಜಿನಿಯರುಗಳು ಸತ್ತ ಪ್ರಕರಣ 2025ರಲ್ಲಿ ಬಯಲಾಯಿತು. ಇದು ಸಲೂನಿನ ಕೆಲಸವಲ್ಲ, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತವರು ಮಾಡುವಂತಿಲ್ಲ, ಪ್ಲಾಸ್ಟಿಕ್ ಸರ್ಜರಿ ಓದಿದವರು ಅಥವಾ ಶಸ್ತ್ರಕ್ರಿಯೆಯ ತರಬೇತಿ ಇರುವ ಚರ್ಮತಜ್ಞರು ಮಾಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಂತೆ ಕ್ಲಿನಿಕ್ಕು ನೋಂದಣಿಯಾಗಿರಬೇಕು, ಪ್ರಮಾಣಪತ್ರ ಗೋಡೆಯ ಮೇಲಿರಬೇಕು. ಗೋಡೆ ನೋಡಿ. ಡಾಕ್ಟರ ಹೆಸರು, ಓದು ಕೇಳಿ. ಬುಡ ಕೀಳುವುದು ಯಾರು, ತೂತು ಕೊರೆಯುವುದು ಯಾರು, ದಿನವಿಡೀ ಡಾಕ್ಟರು ಕೋಣೆಯಲ್ಲಿರುತ್ತಾರೆಯೇ, ಉಸಿರು ನಿಂತರೆ ಏನು ವ್ಯವಸ್ಥೆ ಎಂದು ಕೇಳಿ. ಮುನಿಸಿಕೊಂಡರೆ ಎದ್ದುಬನ್ನಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಮಾತ್ರೆ ಇದ್ದರೆ ನೀವೇ ಹೇಳಬೇಕು. ಬೀಡಿ ಮತ್ತು ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಮೊದಲೂ ಆಮೇಲೂ ಬಿಡಬೇಕು, ಗಾಯ ಮಾಯುವುದಿಲ್ಲ. ನಾಟಿಯಾದ ಎರಡು ವಾರ ತಲೆಹೊರೆ, ಹಾಳೆಟೊಪ್ಪಿ, ಬಿಸಿಲು, ಬೆವರಿನ ಕೆಲಸ ಕೂಡದು. ಕೊಯ್ಲಿನ ತಿಂಗಳಲ್ಲಿ ದಿನ ಗೊತ್ತುಮಾಡಿ ಬಂದ ನಮ್ಮ ಹುಡುಗನಿಗೆ ಇದನ್ನೂ ಯಾರೂ ಹೇಳಿರಲಿಲ್ಲ. ಆರೋಗ್ಯವಿಮೆ ಸಾಮಾನ್ಯವಾಗಿ ಇದಕ್ಕೆ ಕೊಡುವುದಿಲ್ಲ. ಖರ್ಚೆಲ್ಲ ಬೆಳೆಯ ಮೇಲೇ.

ಡಾಕ್ಟರಮ್ಮ ಅವನಿಗೆ ಹೇಳಿದ್ದು ಇಷ್ಟು. ಮೊದಲು ಒಂದು ವರ್ಷ ಮದ್ದು. ಎರಡರ ಗುಣದೋಷವನ್ನೂ ಬಿಡಿಸಿ ಹೇಳಿ, ಮದುವೆಯಾಗುವವನೆಂದು ಮಾತ್ರೆಯ ವಿಷಯ ಯೋಚಿಸಿ ತಿಳಿಸಲು ವಾರ ಸಮಯ ಕೊಟ್ಟರು. ಆರು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಒಂದೇ ಕೋನದಲ್ಲಿ ಫೋಟೊ. ಉದುರುವುದು ನಿಂತ ಮೇಲೆ, ತಲೆ ಯಾವ ಕಡೆ ಹೋಗುತ್ತದೆಂದು ತಿಳಿದ ಮೇಲೆ, ಬೇಕಿದ್ದರೆ ನಾಟಿ. “ಆಗ ಇಷ್ಟು ಬುಡ ಬೇಕಾಗೋದೂ ಇಲ್ಲ” ಎಂದರು.

ಅವನು ಎರಡನ್ನೂ ಶುರುಮಾಡಿದ. ಒಂದೂವರೆ ತಿಂಗಳಿಗೆ ದಿಂಬಿನ ತುಂಬ ಕೂದಲು ಎಂದು ಫೋನು ಮಾಡಿದ. ಹೇಳಿದ್ದರಲ್ಲ, ಬಿಡಬೇಡ ಎಂದೆವು. ಕಾಫಿ ಹೂವಾಗುವ ಹೊತ್ತಿಗೆ ಉದುರುವುದು ಇಳಿಯಿತು. ಮೊನ್ನೆ ಮಳೆಯ ನಡುವೆ ಬಂದು ಎರಡು ಫೋಟೊ ಇಟ್ಟು ತೋರಿಸಿದ. ಹಣೆಯ ಮೂಲೆಗಳು ಹಾಗೆಯೇ ಇವೆ. ನೆತ್ತಿ ಮುಚ್ಚಿಕೊಂಡಿದೆ. ಮದುವೆ ಇನ್ನೂ ಗೊತ್ತಾಗಿಲ್ಲ, ಒಂದು ಕಡೆ ಮಾತು ನಡೆದಿದೆ.

ಆ ಮೊದಲ ಅರ್ಜಿಯನ್ನು ತಂದೆ ವಾಪಸು ಪಡೆದಿದ್ದರು. ಆಮೇಲೆ ಬಂದ ಅರ್ಜಿ ಕಾರ್ಬನ್ ಫೈಬರ್ ದೋಟಿಗೆ. ಅದು ಅವರ ಸ್ವಂತ ಅಕ್ಷರದಲ್ಲೇ ಇತ್ತು, ಮಂಜೂರಾಯಿತು. ಕಳೆದ ಬಾರಿ ಮಗನ ಜೊತೆ ಆಸ್ಪತ್ರೆಗೆ ಹೋದಾಗ ಅವರು ಡಾಕ್ಟರಮ್ಮನನ್ನು ಮೆಲ್ಲಗೆ ಕೇಳಿದರಂತೆ, ಆ ಸೀಸೆಯದು ನನ್ನ ತಲೆಗೂ ಒಂದಿಷ್ಟು ಹಚ್ಚಬಹುದಾ ಎಂದು. “ನಿಮ್ಮದು ನುಣ್ಣಗಾಗಿ ಇಪ್ಪತ್ತೈದು ವರ್ಷ ಆಯ್ತಲ್ಲ ಯಜಮಾನ್ರೇ” ಎಂದು ಅವರು ನಕ್ಕು, ತೋಟಕ್ಕೆ ಹೋಗುವಾಗ ಹಾಳೆಟೊಪ್ಪಿ ಮಾತ್ರ ತಪ್ಪಿಸಬೇಡಿ, ಬಿಸಿಲಿಗೆ ಒಳ್ಳೆಯದು ಎಂದರಂತೆ.